ಎರಡೂವರೆ ಅಡಿ ಆಳದ ಟ್ಯಾಂಕಿನ ಹವಳಕ್ಕೆ ಎಷ್ಟು ಬೆಳಕು ಬೇಕು?

ಈ ವಾರದ ವಿಡಿಯೋ ಪೂರ್ತಿ ನೋಡೋಕೆ ಪುರುಸೊತ್ತಿಲ್ಲ ಅನ್ನೋರಿಗೆ ಅದರ ಬರಹರೂಪ ಇಲ್ಲಿದೆ. ಆಳವಾದ ರೀಫ್ ಟ್ಯಾಂಕಿಗೆ ಎಲ್‌ಇಡಿ ಲೈಟ್ ಆರಿಸೋದು ಹೇಗೆ ಅನ್ನೋದು ವಿಷಯ. ನಾನು ತಪ್ಪು ಮಾಡಿ ಕಲಿತವನು, ಹಾಗಾಗಿ ಮೊದಲು ಆ ತಪ್ಪನ್ನೇ ಹೇಳ್ತೀನಿ.

ಚೆನ್ನೈಗೆ ಬಂದು ಶೋಲಿಂಗನಲ್ಲೂರಿನಲ್ಲಿ ಮನೆ ಮಾಡಿದ ಮೇಲೆ, ಹಾಲ್‌ನಲ್ಲಿ 4 ಅಡಿ ಉದ್ದ, 2 ಅಡಿ ಅಗಲ, 30 ಇಂಚು ಎತ್ತರದ ಟ್ಯಾಂಕ್ ಇಟ್ಟೆ. ಕೊಳತ್ತೂರಿನ ಮೀನಿನ ಅಂಗಡಿಗಳಲ್ಲಿ ಭಾನುವಾರವೆಲ್ಲ ಸುತ್ತಿ, ‘ಆಳ ಜಾಸ್ತಿ, ವ್ಯಾಟ್ ಜಾಸ್ತಿ ಇರಲಿ’ ಅಂತ ಒಂದೇ ಒಂದು ದೊಡ್ಡ ಲೈಟ್ ತಂದೆ. ಮೊದಲ ದಿನವೇ ಶೇಕಡಾ 100ಕ್ಕೆ ಹಾಕಿದೆ. ಹತ್ತು ದಿನದಲ್ಲಿ ಮೇಲಿನ ಕಲ್ಲಿನಲ್ಲಿದ್ದ ಮಶ್ರೂಮ್ ಹವಳ ಬೆಳ್ಳಗಾಯ್ತು. ತಿಂಗಳು ಕಳೆಯೋದ್ರೊಳಗೆ ತಳದ ಮೂಲೆಯಲ್ಲಿದ್ದ ಲೆದರ್ ಹವಳ ಕತ್ತು ಚಾಚಿಕೊಂಡು ಸೊರಗಿತು. ಅದೇ ಟ್ಯಾಂಕ್, ಅದೇ ಲೈಟ್. ಒಂದು ಬೆಳಕು ಜಾಸ್ತಿಯಾಗಿ ಹೋಯ್ತು, ಇನ್ನೊಂದು ಸಾಲದೆ.

ಯಾಕೆ ಹೀಗೆ? ಈ ಹವಳಗಳ ಮೈಯೊಳಗೆ ಸೂಕ್ಷ್ಮ ಪಾಚಿ ಇರುತ್ತೆ. ಅದು ಬೆಳಕಿನಿಂದ ಆಹಾರ ತಯಾರಿಸಿ ಹವಳಕ್ಕೂ ಕೊಡುತ್ತೆ. ಬೆಳಕು ಕಮ್ಮಿಯಾದ್ರೆ ಊಟವಿಲ್ಲ. ವಿಪರೀತವಾದ್ರೆ ಪಾಚಿಯೊಳಗೆ ವಿಷದಂಥ ಆಮ್ಲಜನಕ ಹುಟ್ಟಿ, ಹವಳ ಆ ಪಾಚಿಯನ್ನೇ ಹೊರಹಾಕುತ್ತೆ. ಬಣ್ಣ ಹೋಗೋದು ಅದಕ್ಕೇ. ಬಿಸಿ ಸೇರಿದ್ರೆ ಇನ್ನೂ ಬೇಗ ಆಗುತ್ತೆ. 2016ರ ಬಿಸಿಗೆ ಮನ್ನಾರ್ ಕೊಲ್ಲಿಯ ಹವಳಗಳು ಬಿಳಿಚಿಕೊಂಡದ್ದು ಇದೇ ರೀತಿ.

ವ್ಯಾಟ್ ಬಿಡಿ, ಪಾರ್ ನೋಡಿ

ವ್ಯಾಟ್ ಹೇಳೋದು ಕರೆಂಟಿನ ಖರ್ಚನ್ನ ಮಾತ್ರ. ಹವಳಕ್ಕೆ ಬೇಕಾದ ಲೆಕ್ಕ ಪಾರ್: 400ರಿಂದ 700 ನ್ಯಾನೋಮೀಟರ್ ನಡುವಿನ ಬೆಳಕಿನ ಕಣಗಳು ಆ ಜಾಗಕ್ಕೆ ಸೆಕೆಂಡಿಗೆ ಎಷ್ಟು ಬೀಳ್ತವೆ ಅನ್ನೋದು. ಅಂದಾಜಿಗೆ ಹೇಳೋದಾದ್ರೆ ಮಶ್ರೂಮ್‌ಗೆ 50ರಿಂದ 100, ಜೋವಾಂಥಿಡ್ ಮತ್ತು ಲೆದರ್‌ಗೆ 80ರಿಂದ 150 ಸಾಕು. ಅಕ್ರೋಪೋರಾದಂಥ ಕಲ್ಲು ಹವಳಕ್ಕೆ 250ರ ಮೇಲೆ ಬೇಕು ಅಂತಾರೆ. ಆದ್ರೆ ನಮ್ಮಲ್ಲಿ ಕಲ್ಲು ಹವಳಗಳನ್ನೆಲ್ಲ 2001ರಲ್ಲೇ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಶೆಡ್ಯೂಲಿಗೆ ಸೇರಿಸಿದ್ದಾರೆ, ಹುಲಿ ಇರೋ ಪಟ್ಟಿ ಅದು. ಸಮುದ್ರದಿಂದ ಕಿತ್ತು ತಂದ ತುಂಡನ್ನ ಯಾರಾದ್ರೂ ಕಮ್ಮಿ ಬೆಲೆಗೆ ಕೊಡ್ತೀನಿ ಅಂದ್ರೂ ಮುಟ್ಟಬೇಡಿ. ಮೃದು ಹವಳವನ್ನೂ ಬಿಲ್ಲು, ಕಾಗದಪತ್ರ ನೋಡಿಯೇ ತಗೊಳ್ಳಿ.

ಮೊಬೈಲಿನ ಲಕ್ಸ್ ಆ್ಯಪ್ ಸಾಲದೇ? ಸಾಲದು. ಲಕ್ಸ್ ಅನ್ನೋದು ಮನುಷ್ಯನ ಕಣ್ಣಿನ ಲೆಕ್ಕ. ನಮ್ಮ ಕಣ್ಣಿಗೆ ಚೆನ್ನಾಗಿ ಕಾಣೋ ಹಸಿರಿಗೆ ಅದು 100 ಅಂಕ ಕೊಟ್ರೆ, 450 ನ್ಯಾನೋಮೀಟರಿನ ನೀಲಿಗೆ ಕೊಡೋದು ಸುಮಾರು 4. ರೀಫ್ ಲೈಟಿನ ಮುಕ್ಕಾಲು ಕೆಲಸ ನೀಲಿಯದ್ದೇ. ಆ್ಯಪ್ ‘ಕಮ್ಮಿ ಇದೆ’ ಅನ್ನುತ್ತೆ, ನಾವು ಏರಿಸ್ತೀವಿ, ಹವಳ ಸುಡುತ್ತೆ.

ಕೊನೆಗೆ ಒಬ್ಬ ಗೆಳೆಯರ ಪಾರ್ ಮೀಟರ್ ಎರವಲು ತಂದೆ. ಲೈಟಿನ ನೇರ ಕೆಳಗೆ, 6 ಇಂಚು ಆಳದಲ್ಲಿ 310. ತಳದ ನಡುವೆ 70. ಮೂಲೆಯಲ್ಲಿ 25! ಉತ್ತರ ಅಲ್ಲೇ ಇತ್ತು.

ಆಳಕ್ಕೆ ಮದ್ದು ಏನು?

ಎರಡಡಿ ಶುದ್ಧ ನೀರು ನೀಲಿ ಬೆಳಕನ್ನ ನುಂಗೋದು ಬಹಳ ಕಮ್ಮಿ. ಬೆಳಕು ಕಮ್ಮಿಯಾಗೋದು ಮುಖ್ಯವಾಗಿ ಅದು ಹರಡೋದ್ರಿಂದ. ಹಾಗಾಗಿ ಲೆನ್ಸ್ ಮುಖ್ಯ: 120 ಡಿಗ್ರಿಯದ್ದು ಬೇಗ ಹರಡುತ್ತೆ, 60 ಅಥವಾ 90ರದ್ದು ಕೆಳಗೆ ತಲುಪುತ್ತೆ. ಆದ್ರೆ ಕಿರಿದಾದ ಲೆನ್ಸ್ ನಡುವೆ ಮಾತ್ರ ಸುಡುತ್ತೆ. ಅದಕ್ಕೇ 4 ಅಡಿಗೆ ಜೋರಾದ ಒಂದು ಲೈಟಿಗಿಂತ ಸಾಧಾರಣವಾದ ಎರಡು ಮೇಲು. ನಾನೀಗ 90 ಡಿಗ್ರಿಯ ಎರಡನ್ನ ನೀರಿಂದ 10 ಇಂಚು ಮೇಲೆ ತೂಗುಹಾಕಿದ್ದೀನಿ. ಲೆನ್ಸಿನ ಮೇಲೆ ಕೂರೋ ಉಪ್ಪನ್ನ ವಾರಕ್ಕೊಮ್ಮೆ ಒರೆಸ್ತೀನಿ. ನೀರು ಹಳದಿಯಾದ್ರೂ ನೀಲಿ ಕೆಳಗಿಳಿಯಲ್ಲ, ಅದಕ್ಕೆ ಆ್ಯಕ್ಟಿವೇಟೆಡ್ ಕಾರ್ಬನ್ ಹಾಕ್ತೀನಿ.

ಹೊಸ ಲೈಟನ್ನ ಶೇಕಡಾ 40ರಿಂದ ಶುರುಮಾಡಿ ವಾರಕ್ಕೆ 5ರಂತೆ ಏರಿಸಿ. ಬೇಕಾದ ಪಾರ್ ಸಿಕ್ಕ ಕೂಡಲೇ ನಿಲ್ಲಿಸಿ, 100 ಮುಟ್ಟಲೇಬೇಕು ಅಂತೇನಿಲ್ಲ. ದಿನಕ್ಕೆ 8-9 ಗಂಟೆ ಸಾಕು. ಆಫೀಸಿಂದ ಬಂದು ನೋಡೋಕೆ ಆಗೋ ಹಾಗೆ ನಾನು ಟೈಮರನ್ನ ಮಧ್ಯಾಹ್ನ 1ರಿಂದ ರಾತ್ರಿ 10ಕ್ಕೆ ಇಟ್ಟಿದ್ದೀನಿ.

ಚೆನ್ನೈ ಮನೆಗೆ ಎರಡು ಮಾತು. ಮೇ ತಿಂಗಳಲ್ಲಿ ಎಸಿ ಇಲ್ಲದ ಹಾಲ್‌ನಲ್ಲಿ ನೀರು 30 ಡಿಗ್ರಿ ದಾಟುತ್ತೆ. ಹವಳಕ್ಕೆ 25-27 ಹಿತ. ಲೈಟಿನ ಬಜೆಟ್ ಹಾಕುವಾಗಲೇ ಚಿಲ್ಲರ್ ದುಡ್ಡು ಎತ್ತಿಡಿ, ಮೇಲೆ ಮುಚ್ಚಿದ ಹುಡ್ ಬೇಡ. ಕರೆಂಟ್ ಹೋದಾಗ ಇನ್ವರ್ಟರ್ ಲೈಟಿಗಲ್ಲ, ನೀರು ತಿರುಗಿಸೋ ಪಂಪಿಗೆ ಇರಲಿ. ಒಂದು ದಿನ ಕತ್ತಲನ್ನ ಹವಳ ತಡಕೊಳ್ಳುತ್ತೆ, ನಿಂತ ನೀರನ್ನ ತಡಕೊಳ್ಳಲ್ಲ.

ಇನ್ನೊಂದು ಪಾಠ: ಲೈಟಿಗಿಂತ ಮೊದಲು ಜಾಗ ಆರಿಸಿ. ಮಶ್ರೂಮ್ ಕೆಳಗೆ, ಲೆದರ್ ನಡು ಎತ್ತರಕ್ಕೆ. ನಾನು ಮಾಡಿದ್ದು ಇದಕ್ಕೆ ಪೂರ್ತಿ ಉಲ್ಟಾ. ಸೊರಗಿದ್ದ ಆ ಲೆದರನ್ನ 12 ಇಂಚು ಮೇಲಕ್ಕಿಟ್ಟ ಮೇಲೆ, ಮೂರನೇ ವಾರ ಮತ್ತೆ ಬೆರಳು ಬಿಚ್ಚಿತು. ಬೆಳ್ಳಗಾದ ಮಶ್ರೂಮ್ ಮಾತ್ರ ಉಳೀಲಿಲ್ಲ. ನಿಮ್ಮ ಟ್ಯಾಂಕಲ್ಲಿ ಹಾಗಾಗದಿರಲಿ. ಮುಂದಿನ ವಾರ ಸಿಗೋಣ.