ಸುಣ್ಣ ಬಳಿದ ಹೊಂಗೆಮರ

“ಅವಗೆಂಪು ಫೋಟೊಗಳಲ್ಲಿ ಎಲೆಗಳು ಬೆಳ್ಳಗಿರುತ್ತವಲ್ಲ, ಅದು ಗಿಡದ ಮೈಬಿಸಿಯೇ? ಹಾಗಿದ್ದರೆ ಮಗುವಿನ ಜ್ವರವನ್ನೂ ಕ್ಯಾಮೆರಾದಲ್ಲಿ ನೋಡಬಹುದೇ?” ಎಂದು ತಿಪಟೂರಿನ ಓದುಗರೊಬ್ಬರು ಕೇಳಿದ್ದಾರೆ. ಆಗದು, ಜ್ವರಕ್ಕೆ ಥರ್ಮಾಮೀಟರೇ ಸರಿ. ಆದರೆ ಪ್ರಶ್ನೆಯ ಮೊದಲರ್ಧ ನನ್ನ ಎರಡು ಭಾನುವಾರಗಳನ್ನು ನುಂಗಿತು.

ಹಳೆಯ ಡಿಜಿಟಲ್ ಕ್ಯಾಮೆರಾ, ಟ್ರೈಪಾಡ್, 720 ನ್ಯಾನೊಮೀಟರಿನ ಒಂದು ಫಿಲ್ಟರ್ ಇದ್ದರೆ ಸಾಕು. ನೋಡಲು ಕಪ್ಪು ಗಾಜಿನ ಬಿಲ್ಲೆಯಂತಿರುವ ಈ ಫಿಲ್ಟರ್ ಕಾಣುವ ಬೆಳಕನ್ನು ತಡೆದು ಅದರಾಚೆಯ ಅವಗೆಂಪನ್ನು ಬಿಡುತ್ತದೆ. ಕ್ಯಾಮೆರಾದ ಸೆನ್ಸರ್ ಸುಮಾರು 1100 ನ್ಯಾನೊಮೀಟರ್‌ವರೆಗಿನ ಬೆಳಕನ್ನು ಗ್ರಹಿಸಬಲ್ಲದು. ಆದರೆ ಚಿತ್ರದ ಬಣ್ಣ ಕೆಡದಿರಲೆಂದು ತಯಾರಕರು ಅದರ ಮುಂದೆ ಅವಗೆಂಪನ್ನು ತಡೆಯುವ ಗಾಜು ಕೂರಿಸಿರುತ್ತಾರೆ. ಅದರಲ್ಲಿ ಸೋರಿ ಬಂದಷ್ಟೇ ನಮ್ಮ ಪಾಲು. (ಟೀವಿ ರಿಮೋಟಿನ ಮೂತಿಯನ್ನು ಕ್ಯಾಮೆರಾದತ್ತ ಹಿಡಿದು ಗುಂಡಿ ಒತ್ತಿ, ಪರದೆಯಲ್ಲಿ ಮಿನುಗಿದರೆ ನೀವು ಅದೃಷ್ಟವಂತರು.) ಹಾಗಾಗಿ ನಡುಮಧ್ಯಾಹ್ನದ ಬಿಸಿಲಲ್ಲೂ ಶಟರನ್ನು 20 ಸೆಕೆಂಡು ತೆರೆದಿಡಬೇಕಾಯಿತು. ಅಷ್ಟರಲ್ಲಿ ಗಾಳಿ ಬೀಸಿ ತೆಂಗಿನ ಗರಿಗಳೆಲ್ಲ ಹಿಂಜಿದ ಹತ್ತಿಯಾದವು.

ನಾಲ್ಕನೇ ಸಲಕ್ಕೆ ಮನೆಯೆದುರಿನ ಹೊಂಗೆ ಸರಿಯಾಗಿ ಸಿಕ್ಕಿತು. ಕೆಂಪಗೆ ಬಂದ ಚಿತ್ರವನ್ನು ಕಪ್ಪು-ಬಿಳುಪಿಗೆ ಇಳಿಸಿದೆ. “ಇದೇನೋ, ಮರಕ್ಕೆಲ್ಲ ಸುಣ್ಣ ಬಳಿದಂಗಿದೆ!” ಅಂದಳು ಅಮ್ಮ. ಅಮೆರಿಕದ ಭೌತವಿಜ್ಞಾನಿ ರಾಬರ್ಟ್ ವುಡ್ 1910ರಲ್ಲಿ ಇಂಥ ಚಿತ್ರಗಳನ್ನು ಪ್ರಕಟಿಸಿದ. ಈ ಬಿಳುಪಿಗೆ ‘ವುಡ್ ಪರಿಣಾಮ’ ಎಂಬ ಹೆಸರು ಬಂದದ್ದು ಅವನಿಂದ. ಕಟ್ಟಿಗೆಗೂ ಅದಕ್ಕೂ ಸಂಬಂಧವಿಲ್ಲ.

ಇನ್ನು ಬಿಸಿಯ ವಿಚಾರ. ದೊಡ್ಡಪತ್ರೆಯ ಒಂದು ಎಲೆಯನ್ನು ಫ್ರಿಜ್ಜಿನಲ್ಲಿ, ಇನ್ನೊಂದನ್ನು ಬಿಸಿಲಲ್ಲಿ ಅರ್ಧ ಗಂಟೆ ಇಟ್ಟು, ಆಮೇಲೆ ಜೋಡಿಸಿ ಫೋಟೊ ತೆಗೆದೆ. ಎರಡಕ್ಕೂ ಒಂದೇ ಬಿಳುಪು. ಕತ್ತಲೆ ಕೋಣೆಯಲ್ಲಿ ಕಾದ ಇಸ್ತ್ರಿಪೆಟ್ಟಿಗೆಯ ಚಿತ್ರ ಬರೀ ಕಪ್ಪು. ನಮ್ಮ ಮೈಬಿಸಿ ಹೊರಡಿಸುವ ಕಿರಣಗಳ ತರಂಗಾಂತರ 10,000 ನ್ಯಾನೊಮೀಟರಿನ ಆಸುಪಾಸು. ಅವು ಲೆನ್ಸಿನ ಗಾಜನ್ನೇ ದಾಟಲಾರವು. ಥರ್ಮಲ್ ಕ್ಯಾಮೆರಾಗಳಿಗೆ ಜರ್ಮೇನಿಯಂ ಲೆನ್ಸು ಹಾಕುವುದು ಅದಕ್ಕೇ. ರಾತ್ರಿ ಸ್ಮಶಾನಕ್ಕೆ ಅವಗೆಂಪು ಕ್ಯಾಮೆರಾ ಹೊತ್ತುಹೋಗಿ, ತೇಲುವ ಬಿಳಿ ಉಂಡೆಗಳನ್ನು ಆತ್ಮವೆಂದು ತೋರಿಸುವ ವೀರರಿಗೂ ಒಂದು ಮಾತು: ಅದು ಲೆನ್ಸಿನ ಹತ್ತಿರ ಹಾರಿದ ಧೂಳು, ಇಲ್ಲವೇ ನುಸಿ. ಕ್ಯಾಮೆರಾದ್ದೇ ದೀಪ ಅದರ ಮೇಲೆ ಬಿದ್ದಿರುತ್ತದೆ, ಅಷ್ಟೆ.

ಹಾಗಾದರೆ ಬಿಳುಪು ಎಲ್ಲಿಯದು? ಪತ್ರಹರಿತ್ತಿನದು ಎನ್ನುವವರಿದ್ದಾರೆ. ಪಾಪ, ಕೆಂಪು ಬೆಳಕನ್ನು ಗಬಗಬನೆ ನುಂಗುವ ಪತ್ರಹರಿತ್ತು ಅವಗೆಂಪಿನ ಗೋಜಿಗೇ ಹೋಗುವುದಿಲ್ಲ. ಕೆಲಸವೆಲ್ಲ ಎಲೆಯೊಳಗಿನ ಗಾಳಿಯದು. ಅಲ್ಲಿ ಸ್ಪಂಜಿನಂತೆ ಸಡಿಲವಾಗಿ ಜೋಡಿಸಿದ ಜೀವಕೋಶಗಳಿವೆ, ನಡುವೆ ಗಾಳಿಯ ಸಂದುಗಳು. ಕೋಶದಿಂದ ಗಾಳಿಗೆ, ಗಾಳಿಯಿಂದ ಕೋಶಕ್ಕೆ ದಾಟುವಾಗೆಲ್ಲ ಅವಗೆಂಪು ಬಾಗುತ್ತದೆ, ಚೆದುರುತ್ತದೆ. ಹೆಚ್ಚುಕಡಿಮೆ ಅರ್ಧದಷ್ಟು ಬಂದ ದಾರಿಗೇ ಮರಳುತ್ತದೆ. ಸೋಪಿನ ನೀರು ತಿಳಿಯಾಗಿದ್ದರೂ ನೊರೆ ಬೆಳ್ಳಗಿರುವುದಿಲ್ಲವೇ? ಗಾಜಿನಂಥ ಕಲ್ಲುಸಕ್ಕರೆ ಕುಟ್ಟಿದರೆ ಬಿಳಿ ಪುಡಿಯಾಗುವುದಿಲ್ಲವೇ? ಇದೂ ಹಾಗೆಯೇ.

ಗಾಳಿ ತೆಗೆದರೆ ಬಿಳುಪೂ ಹೋಗಬೇಕಲ್ಲ! ಪಾಲಕ್ ಎಲೆಯಿಂದ ಪಂಚಿಂಗ್ ಮಶೀನಿನಲ್ಲಿ ಬಿಲ್ಲೆಗಳನ್ನು ಕತ್ತರಿಸಿ, ಸೂಜಿಯಿಲ್ಲದ ಸಿರಿಂಜಿನೊಳಗೆ ನೀರಿನ ಜೊತೆ ಹಾಕಿದೆ. ಮೂತಿಗೆ ಬೆರಳೊತ್ತಿ ಹಿಡಿಕೆ ಎಳೆದಾಗ ಎಲೆಯಿಂದ ಸಾಸಿವೆಗಿಂತ ಸಣ್ಣ ಗುಳ್ಳೆಗಳೆದ್ದವು. ಹಿಡಿಕೆ ಬಿಟ್ಟೊಡನೆ ಸಂದುಗಳಿಗೆ ನೀರು ನುಗ್ಗಿತು. ನಾಲ್ಕಾರು ಸಲ ಎಳೆದು ಬಿಟ್ಟ ಮೇಲೆ, ತೇಲುತ್ತಿದ್ದ ಬಿಲ್ಲೆಗಳು ಒಂದೊಂದಾಗಿ ತಳ ಸೇರಿದವು. ಒರೆಸಿ ಕಪ್ಪು ಬಟ್ಟೆಯ ಮೇಲಿಟ್ಟೆ. ಬಣ್ಣ ಹಾಕಿದ ಆ ಬಟ್ಟೆಯೇ ಅವಗೆಂಪಿನಲ್ಲಿ ಬೆಳ್ಳಗಾಗಿ ಕೈಕೊಟ್ಟಿತು. ಕೊನೆಗೆ ಒದಗಿದ್ದು ಅಮ್ಮನ ದೋಸೆ ಕಾವಲಿ. ಅದರ ಮೇಲೆ ಹೊಸ ಬಿಲ್ಲೆ ಹಾಲಿನಂತೆ ಬೆಳ್ಳಗೆ, ನೀರು ಕುಡಿದದ್ದು ಪಕ್ಕದಲ್ಲೇ ಒಲೆಯ ಬೂದಿಯ ಬಣ್ಣ.