ಹದಿಹರೆಯದ ಓದುಗರು: ಅರಿವು ಕೇಂದ್ರಗಳಲ್ಲಿ ಪುಸ್ತಕಗಳ ಆಯ್ಕೆ ಹಾಗೂ ಚಟುವಟಿಕೆಗಳ ಯೋಜನೆ

ಗ್ರಾಮ ಪಂಚಾಯತಿ ಮಟ್ಟದ ಗ್ರಂಥಾಲಯಗಳು 2019ರಲ್ಲಿ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಯ ವ್ಯಾಪ್ತಿಗೆ ಬಂದವು. 2020ರ ಮಕ್ಕಳ ದಿನಾಚರಣೆಯಂದು ಆರಂಭವಾದ ‘ಓದುವ ಬೆಳಕು’ ಕಾರ್ಯಕ್ರಮದಡಿ 6ರಿಂದ 18 ವರ್ಷದೊಳಗಿನ ಮಕ್ಕಳಿಗೆ ಉಚಿತ ಸದಸ್ಯತ್ವ ನೀಡಲಾಯಿತು. ಇಂದು ಅರಿವು ಕೇಂದ್ರಗಳೆಂದು ಕರೆಯಲ್ಪಡುವ ಈ ಗ್ರಂಥಾಲಯಗಳ ಸದಸ್ಯತ್ವ ವಹಿಗಳು ತುಂಬಿವೆ. ಆದರೆ ಪುಸ್ತಕ ಎರವಲು ವಹಿಯನ್ನು ತೆರೆದು ನೋಡಿದಲ್ಲಿ ಬೇರೊಂದು ಚಿತ್ರ ಕಾಣಸಿಗುವುದುಂಟು. ಪ್ರಾಥಮಿಕ ಶಾಲೆಯ ಮಕ್ಕಳು ಬರುತ್ತಾರೆ. ಸ್ಪರ್ಧಾತ್ಮಕ ಪರೀಕ್ಷೆಗೆ ಸಿದ್ಧರಾಗುವ ಯುವಕರು ಬರುತ್ತಾರೆ. ಬೆಳಗಿನ ಪತ್ರಿಕೆಗಾಗಿ ಹಿರಿಯರು ಬರುತ್ತಾರೆ. ಎಂಟನೆಯ ತರಗತಿಗೆ ಕಾಲಿಟ್ಟ ಬಾಲಕ, ಅದಕ್ಕಿಂತ ಹೆಚ್ಚಾಗಿ ಬಾಲಕಿ, ಎಲ್ಲಿ ಹೋದರೆಂಬುದು ವಹಿಯಿಂದ ತಿಳಿಯುವುದಿಲ್ಲ.

ತಿಳಿಯದಿರಲು ಒಂದು ಸರಳ ಕಾರಣವಿದೆ. 6ರಿಂದ 18 ವರ್ಷ ಎಂಬುದು ವಹಿಯಲ್ಲಿ ಒಂದೇ ಗುಂಪು. ಚಿತ್ರಪುಸ್ತಕ ನೋಡುವ ಒಂದನೆಯ ತರಗತಿಯ ಮಗುವೂ ದ್ವಿತೀಯ ಪಿಯುಸಿ ವಿಜ್ಞಾನದ ವಿದ್ಯಾರ್ಥಿನಿಯೂ ಅದೇ ಲೆಕ್ಕಕ್ಕೆ ಸೇರುತ್ತಾರೆ. ಆದುದರಿಂದ ಯೋಜನೆಯ ಮೊದಲ ಹೆಜ್ಜೆಗೆ ಯಾವ ವೆಚ್ಚವೂ ಇಲ್ಲ: 6–12, 13–15 ಹಾಗೂ 16–18 ಎಂದು ಮೂರು ಅಂಕಣಗಳನ್ನು ಗೆರೆ ಎಳೆದು, ಬಾಲಕ ಬಾಲಕಿಯರನ್ನು ಪ್ರತ್ಯೇಕವಾಗಿ ನಮೂದಿಸುವುದು. ಮೂರು ತಿಂಗಳ ಎರವಲು ಲೆಕ್ಕ ಕೈಯಲ್ಲಿದ್ದರೆ ಕೊರತೆ ಎಲ್ಲಿದೆಯೆಂದು ಊಹಿಸಬೇಕಾಗಿಲ್ಲ. ಮೇಲ್ತೊಟ್ಟಿಯ ಸಾಮರ್ಥ್ಯ ಎಷ್ಟು ಲೀಟರ್ ಎಂಬುದರಿಂದ ನೀರು ಸರಬರಾಜನ್ನು ಅಳೆಯುವುದಿಲ್ಲ, ಕೊನೆಯ ಮನೆಯ ನಲ್ಲಿಗೆ ಎಷ್ಟು ಬಂತು ಎಂಬುದರಿಂದ ಅಳೆಯಲಾಗುತ್ತದೆ. ಪುಸ್ತಕಗಳ ಸಂಖ್ಯೆಯೂ ಹಾಗೆಯೇ.

ಇನ್ನು ಕಪಾಟಿನ ವಿಷಯ. ಹದಿಹರೆಯದವರಿಗಾಗಿ ಖರೀದಿಸಿದ ಪುಸ್ತಕಗಳೆಂದರೆ ಬಹುತೇಕ ವ್ಯಕ್ತಿತ್ವ ವಿಕಸನ, ಸಾಮಾನ್ಯ ಜ್ಞಾನ ಮತ್ತು ಮಹಾಪುರುಷರ ಕಿರು ಚರಿತ್ರೆಗಳೆಂಬ ಭಾವನೆ ಇದೆ. ಅವು ಬೇಡವೆಂದಲ್ಲ, ಅವಷ್ಟೇ ಇದ್ದಲ್ಲಿ ಹದಿನಾಲ್ಕರ ಹುಡುಗ ಎರಡನೆಯ ಬಾರಿ ಬರಲಾರ. ಈ ವಯಸ್ಸಿಗೆ ಕನ್ನಡದಲ್ಲಿ ಓದಲು ಏನೂ ಇಲ್ಲವೆಂಬ ಮಾತೂ ಸರಿಯಲ್ಲ. ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’ ಹಾರುವ ಓತಿಯೊಂದರ ಹುಡುಕಾಟದ ಕಥೆ; ಅದನ್ನು ಪತ್ತೇದಾರಿ ಕಾದಂಬರಿಯಂತೆಯೇ ಓದಿಕೊಂಡು ಹೋಗಬಹುದು. ಅವರ ‘ಪರಿಸರದ ಕತೆ’ ಬಿಡಿ ಬಿಡಿಯಾಗಿ ಓದಲು ಅನುಕೂಲ. ವಿದ್ಯಾರ್ಥಿಗಳೊಡನೆ ಸಸ್ಯಗಳನ್ನು ಅರಸಿ ಹೊರಟ ಪ್ರವಾಸವನ್ನು ನಗೆಯೊಂದಿಗೆ ಹೇಳುವ ಬಿ.ಜಿ.ಎಲ್. ಸ್ವಾಮಿಯವರ ‘ಹಸುರು ಹೊನ್ನು’ 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ಕೃತಿ. ಬೊಳುವಾರು ಮಹಮದ್ ಕುಂಞಿಯವರ ‘ಪಾಪು ಗಾಂಧಿ ಗಾಂಧಿ ಬಾಪು ಆದ ಕತೆ’ ಮತ್ತು ನಾ. ಡಿಸೋಜ ಅವರ ‘ಮುಳುಗಡೆಯ ಊರಿಗೆ ಬಂದವರು’ ಅಕಾಡೆಮಿಯ ಬಾಲ ಸಾಹಿತ್ಯ ಪುರಸ್ಕಾರ ಗಳಿಸಿದವು. ಹದಿನಾರು ದಾಟಿದವರಿಗೆ ಸಿದ್ಧಲಿಂಗಯ್ಯನವರ ‘ಊರುಕೇರಿ’, ಅರವಿಂದ ಮಾಲಗತ್ತಿಯವರ ‘ಗೌರ್ಮೆಂಟ್ ಬ್ರಾಹ್ಮಣ’, ವೈದೇಹಿಯವರ ಸಣ್ಣಕಥೆಗಳು ಇರಲೇಬೇಕು. ತನ್ನ ಕೇರಿಯಂಥ ಕೇರಿ, ತನ್ನ ಮನೆಯಂಥ ಅಡುಗೆಮನೆ ಪುಸ್ತಕದಲ್ಲಿಯೂ ಇದೆಯೆಂದು ಕಂಡ ಓದುಗ ಮತ್ತೊಂದು ಪುಸ್ತಕವನ್ನು ಕೇಳುತ್ತಾನೆ.

ಆರೋಗ್ಯದ ಪುಸ್ತಕಗಳ ಬಗ್ಗೆ ಪ್ರತ್ಯೇಕವಾಗಿ ಹೇಳಬೇಕಾಗಿದೆ. ಮುಟ್ಟು, ಪ್ರೌಢಾವಸ್ಥೆಯ ದೈಹಿಕ ಬದಲಾವಣೆ, ಮನಸ್ಸಿನ ಖಿನ್ನತೆ ಇವುಗಳ ಕುರಿತು ತಿಳಿಯಲು ಮೊಬೈಲ್ ಒಂದೇ ದಾರಿಯಾಗಿರುವುದು ಅಪಾಯಕಾರಿ. ವೈದ್ಯೆಯೂ ಆಗಿದ್ದ ಅನುಪಮಾ ನಿರಂಜನ ಅವರು ಸ್ತ್ರೀಯರ ಆರೋಗ್ಯದ ಕುರಿತು ದಶಕಗಳ ಹಿಂದೆಯೇ ಕನ್ನಡದಲ್ಲಿ ಬರೆದರು. ಅವುಗಳ ಜೊತೆಗೆ ಇತ್ತೀಚಿನ ಪುಸ್ತಕಗಳನ್ನು ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯಾಧಿಕಾರಿಗಳ ಸಲಹೆ ಪಡೆದು ಸೇರಿಸಬಹುದು. ಇಂತಹ ಪುಸ್ತಕಗಳನ್ನು ಬೀಗ ಹಾಕಿದ ಬೀರುವಿನಲ್ಲಿ ಇರಿಸಿದಲ್ಲಿ ಇಲ್ಲದಂತೆಯೇ ಸರಿ. ಬೀಗದ ಕೈ ಕೊಡಿ ಎಂದು ಕೇಳುವ ಹುಡುಗಿ ಯಾವ ಊರಿನಲ್ಲಿಯೂ ಇರಲಾರಳು. ಯಾರು ಯಾವ ಪುಸ್ತಕ ಒಯ್ದರೆಂಬುದನ್ನು ಮೇಲ್ವಿಚಾರಕರು ಮೂರನೆಯವರ ಮುಂದೆ ಹೇಳದಿರುವುದೂ ಅಷ್ಟೇ ಮುಖ್ಯ.

ಪುಸ್ತಕ ಕಳೆದುಹೋದರೆ ತಮ್ಮ ಕೈಯಿಂದ ಹಣ ಕಟ್ಟಬೇಕಾದೀತೆಂಬ ಭಯವೂ ಅನೇಕ ಕಪಾಟುಗಳಿಗೆ ಬೀಗ ಹಾಕಿಸಿದೆ. ಈ ಭಯವನ್ನು ಲಘುವಾಗಿ ಕಾಣುವಂತಿಲ್ಲ. ಗೌರವ ಸಂಭಾವನೆಯಲ್ಲಿ ದುಡಿಯುವವರಿಗೆ ಅದು ನಿಜವಾದ ಭಯ. ಕೇಂದ್ರ ಸರ್ಕಾರದ ಸಾಮಾನ್ಯ ಹಣಕಾಸು ನಿಯಮಗಳು, 2017ರ 215ನೆಯ ನಿಯಮವು ಇಲ್ಲಿ ಗಮನಾರ್ಹ. ಒಂದು ವರ್ಷದಲ್ಲಿ ಎರವಲು ನೀಡಿದ ಅಥವಾ ಪರಾಮರ್ಶೆಗೆ ಒದಗಿಸಿದ ಪ್ರತಿ ಸಾವಿರ ಪುಸ್ತಕಗಳಿಗೆ 5ರವರೆಗಿನ ನಷ್ಟವನ್ನು, ಅಪ್ರಾಮಾಣಿಕತೆ ಅಥವಾ ನಿರ್ಲಕ್ಷ್ಯವಿಲ್ಲದಿದ್ದಲ್ಲಿ, ಸಹಜವೆಂದು ಅದು ಪರಿಗಣಿಸುತ್ತದೆ. 1,000 ರೂಪಾಯಿಗೂ ಹೆಚ್ಚಿನ ಬೆಲೆಯ ಪುಸ್ತಕಗಳಿಗೆ ಹಾಗೂ ಅಪರೂಪದ ಗ್ರಂಥಗಳಿಗೆ ಮಾತ್ರ ಕಡ್ಡಾಯವಾಗಿ ವಿಚಾರಣೆಯಾಗಬೇಕು. ಈ ನಿಯಮ ಕೇಂದ್ರ ಸರ್ಕಾರದ ಸಂಸ್ಥೆಗಳಿಗೆ ರೂಪಿತವಾದುದು, ಪಂಚಾಯತಿಗಳಿಗೆ ನೇರವಾಗಿ ಅನ್ವಯಿಸದು. ಆದರೂ ಓದಿಗೆ ಕೊಟ್ಟ ಪುಸ್ತಕಗಳಲ್ಲಿ ಕೆಲವು ಕಳೆಯುವುದು ಸ್ವಾಭಾವಿಕವೆಂಬ ತತ್ವ ಸರ್ಕಾರದ ಲೆಕ್ಕಪತ್ರಕ್ಕೆ ಅಪರಿಚಿತವಲ್ಲ. ಕಳೆದ ಪುಸ್ತಕಗಳ ಪಟ್ಟಿಯನ್ನು ವರ್ಷಕ್ಕೊಮ್ಮೆ ಪಂಚಾಯತಿಯ ಸಾಮಾನ್ಯ ಸಭೆಯ ಮುಂದಿಟ್ಟು ನಡವಳಿಯಲ್ಲಿ ದಾಖಲಿಸಿದಲ್ಲಿ ಮೇಲ್ವಿಚಾರಕರು ನಿಶ್ಚಿಂತೆಯಿಂದ ಎರವಲು ಕೊಡಬಲ್ಲರು.

ಚಟುವಟಿಕೆಗಳಲ್ಲಿ ಭಾಷಣ ಸ್ಪರ್ಧೆ, ಪ್ರಬಂಧ ಸ್ಪರ್ಧೆ ಶಾಲೆಯಲ್ಲಿಯೇ ಸಾಕಷ್ಟು ನಡೆಯುತ್ತವೆ. ಅರಿವು ಕೇಂದ್ರವು ಎರಡನೆಯ ಶಾಲೆಯಾದರೆ ಮಕ್ಕಳು ಬಾರರು. ಊರಿನ ಕೆರೆ, ಬಾವಿ, ಹೊಲಗಳ ಹಳೆಯ ಹೆಸರುಗಳನ್ನು ಹಿರಿಯರಿಂದ ಕೇಳಿ ಬರೆದಿಡುವುದು, ತಿಂಗಳಿಗೊಂದು ಗೋಡೆ ಪತ್ರಿಕೆ, ಕಾದಂಬರಿಯ ಒಂದು ಅಧ್ಯಾಯವನ್ನು ಗಟ್ಟಿಯಾಗಿ ಓದಿ ಕುತೂಹಲದ ಘಟ್ಟದಲ್ಲಿ ನಿಲ್ಲಿಸುವುದು, ಪಂಚಾಯತಿಯ ಆಯವ್ಯಯ ಪತ್ರವನ್ನು ಓದಿ ಪ್ರಶ್ನೆ ಕೇಳುವುದು ಇವುಗಳಿಗೆ ಹೆಚ್ಚಿನ ಹಣ ಬೇಡ. ಕೊನೆಯದನ್ನು ಮಕ್ಕಳ ಗ್ರಾಮಸಭೆಗೆ ಮುನ್ನ ನಡೆಸಿದಲ್ಲಿ ಅಲ್ಲಿನ ಪ್ರಶ್ನೆಗಳು ಶಿಕ್ಷಕರು ಬರೆದುಕೊಟ್ಟಂತೆ ಇರುವುದಿಲ್ಲ. ಉತ್ತರಿಸುವವರು ಸಿದ್ಧರಾಗಿ ಬರಬೇಕಾದೀತು.

ವೇಳೆಯ ಪ್ರಶ್ನೆ ಎಲ್ಲಕ್ಕಿಂತ ಕಠಿಣ. ತಾಲ್ಲೂಕು ಕೇಂದ್ರದ ಕಾಲೇಜಿಗೆ ಹೋಗುವವರು ಸಂಜೆಯ ಬಸ್ಸಿಗೆ ಮರಳುವ ಹೊತ್ತಿಗೆ ಬಾಗಿಲು ಮುಚ್ಚಿರುತ್ತದೆ. ಹೆಣ್ಣುಮಕ್ಕಳಿಗೆ ಕತ್ತಲಾಗುವ ಮುನ್ನ ಮನೆ ಸೇರಬೇಕಾದ ಒತ್ತಡವಿದೆ. ಭಾನುವಾರದ ಬೆಳಗಿನ ಎರಡು ಗಂಟೆ ಬಾಲಕಿಯರಿಗೆಂದೇ ಮೀಸಲಿಡುವುದು, ಬಳಸಬಹುದಾದ ಶೌಚಾಲಯ, ಬಾಗಿಲ ಬಳಿ ದೀಪ ಈ ಮೂರಿದ್ದರೆ ಬಹುಪಾಲು ಕೆಲಸವಾದಂತೆ. ಕಾರಣ ಹೇಳದೆ ಹೆಣ್ಣುಮಗಳೊಬ್ಬಳು ಹೋಗಿ ಕುಳಿತುಕೊಳ್ಳಬಹುದಾದ ಸಾರ್ವಜನಿಕ ಕೊಠಡಿ ಊರಿನಲ್ಲಿ ಇನ್ನೊಂದಿರುವುದು ಅಪರೂಪ.

ಹಣಕಾಸಿಗೆ ಸಂಬಂಧಿಸಿದಂತೆ, ತೆರಿಗೆಯೊಂದಿಗೆ ಶೇ. 6ರಷ್ಟು ಗ್ರಂಥಾಲಯ ಕರ ವಸೂಲಾಗುತ್ತದೆ. ಉದಾಹರಣೆಗೆ, 10 ಲಕ್ಷ ರೂಪಾಯಿ ತೆರಿಗೆಗೆ 60 ಸಾವಿರ ರೂಪಾಯಿ ಕರ. ಅದರಲ್ಲಿ ಪುಸ್ತಕಕ್ಕೆಂದು ನಿಗದಿಯಾದ ಮೊತ್ತದ ಒಂದು ಪಾಲನ್ನು 13–18ರ ಕಪಾಟಿಗೆಂದು ಮೊದಲೇ ತೆಗೆದಿರಿಸುವುದು ಒಳಿತು. ಮಾರ್ಚ್ ಕೊನೆಯ ವಾರದ ಖರೀದಿಯಲ್ಲಿ ಸರಬರಾಜುದಾರರ ಬಳಿ ಉಳಿದದ್ದೇ ಬರುತ್ತದೆ. ಡಿಸೆಂಬರ್‌ನಲ್ಲಿ ಮಕ್ಕಳಿಂದಲೇ ಬೇಡಿಕೆಯ ಪಟ್ಟಿ ಪಡೆದು, ಜನವರಿಯಲ್ಲಿ ಆದೇಶ ನೀಡಿದರೆ, ಎಸ್.ಎಸ್.ಎಲ್.ಸಿ. ಪರೀಕ್ಷೆ ಮುಗಿಯುವ ವೇಳೆಗೆ ಹೊಸ ಪುಸ್ತಕಗಳು ಕಪಾಟಿನಲ್ಲಿರುತ್ತವೆ.

ಆ ದಿನಾಂಕಕ್ಕೆ ವಿಶೇಷ ಮಹತ್ವವಿದೆ. ಪರೀಕ್ಷೆ ಮುಗಿದು ಪಿಯುಸಿ ಪ್ರವೇಶ ಆರಂಭವಾಗುವವರೆಗಿನ ವಾರಗಳಲ್ಲಿ ಓದು ಮುಂದುವರಿಸುವುದೇ, ದುಡಿಮೆಗೆ ಹೋಗುವುದೇ, ಹೆಣ್ಣುಮಗಳಾದರೆ ಮದುವೆಯೇ ಎಂಬುದು ಮನೆಗಳಲ್ಲಿ ತೀರ್ಮಾನವಾಗುತ್ತದೆ. ಪ್ರೌಢಶಾಲೆಯ ಮುಖ್ಯೋಪಾಧ್ಯಾಯರಿಂದ ಪರೀಕ್ಷೆ ಬರೆದವರ ಪಟ್ಟಿ ಪಡೆದು, ಪ್ರತಿಯೊಬ್ಬರನ್ನೂ ಕೇಂದ್ರಕ್ಕೆ ಆಹ್ವಾನಿಸಬೇಕು. ಪ್ರವೇಶದ ವಿವರ, ವಿದ್ಯಾರ್ಥಿವೇತನದ ಅರ್ಜಿ, ವಿದ್ಯಾರ್ಥಿನಿಲಯದ ಮಾಹಿತಿ ಹಾಗೂ ಮಕ್ಕಳ ಸಹಾಯವಾಣಿ 1098 ಕಣ್ಣಿಗೆ ಬೀಳುವಂತೆ ಫಲಕದಲ್ಲಿರಲಿ. ಪಟ್ಟಿಯಲ್ಲಿದ್ದೂ ಬಾರದೆ ಉಳಿದವರ ಹೆಸರುಗಳನ್ನು ಮೇಲ್ವಿಚಾರಕರು ಹದಿನೈದು ದಿನಗಳೊಳಗೆ ಪಂಚಾಯತಿ ಅಭಿವೃದ್ಧಿ ಅಧಿಕಾರಿಗೆ ತಿಳಿಸುವುದು, ಅವರು ಅಂಗನವಾಡಿ ಕಾರ್ಯಕರ್ತೆಯೊಡನೆ ಆ ಮನೆಗಳಿಗೆ ಭೇಟಿ ನೀಡುವುದು.