ಕೊಯ್ಯುತ್ತಲೇ ಮಾಯಿಸುವ ದಾರ

ಎಲೆಗಳ್ಳಿಯ ಹಾಲು, ಉತ್ತರಾಣಿಯ ಕ್ಷಾರ, ಅರಿಶಿನದ ಪುಡಿ. ಬೇಲಿಯಲ್ಲಿ, ಬೀಳುನೆಲದಲ್ಲಿ, ಅಡುಗೆಮನೆಯಲ್ಲಿ ಸಿಗುವ ಈ ಮೂರನ್ನೂ ಲಿನನ್ ದಾರಕ್ಕೆ ಸವರಿ ಒಣಗಿಸಿದರೆ ಕ್ಷಾರಸೂತ್ರ ಸಿದ್ಧ. ಗುದದ್ವಾರದ ಪಕ್ಕ ಕೀವು ಸುರಿಸುತ್ತ, ಮಾಯಿತೆನ್ನುವಷ್ಟರಲ್ಲಿ ಮತ್ತೆ ಬಾಯ್ತೆರೆಯುವ ಭಗಂದರಕ್ಕೆ ಆಯುರ್ವೇದದ ಶಸ್ತ್ರಚಿಕಿತ್ಸಾ ಶಾಖೆಯಾದ ಶಲ್ಯತಂತ್ರ ನೆಚ್ಚಿಕೊಂಡಿರುವುದು ಇದನ್ನೇ.

ತಯಾರಿಕೆ ತಾಳ್ಮೆ ಬೇಡುವ ಕೆಲಸ. 20ನೇ ನಂಬರಿನ ದಾರವನ್ನು ಚೌಕಟ್ಟಿಗೆ ಬಿಗಿದು, ಕಳ್ಳಿಹಾಲಿನಲ್ಲಿ ಅದ್ದಿದ ಬಟ್ಟೆಯಿಂದ ಉದ್ದಕ್ಕೂ ಸವರುತ್ತಾರೆ. ಒಂದು ಲೇಪ ಪೂರ್ತಿ ಒಣಗದೆ ಇನ್ನೊಂದಿಲ್ಲ. ಹೀಗೆ ಬರೀ ಹಾಲಿನ 11 ಲೇಪ. ನಂತರ ಹಾಲಿನ ಹಸಿ ಆರುವ ಮೊದಲೇ ಕ್ಷಾರ ಹತ್ತಿಸಿದ 7 ಲೇಪ. ಕೊನೆಗೆ ಅರಿಶಿನದೊಂದಿಗೆ 3. ಒಟ್ಟು 21. ಕ್ಷಾರವೂ ಸುಮ್ಮನೆ ಬರುವುದಿಲ್ಲ. ಒಣಗಿದ ಉತ್ತರಾಣಿಯನ್ನು ಸುಟ್ಟು, ಬೂದಿಯನ್ನು ಆರು ಪಟ್ಟು ನೀರಿನಲ್ಲಿ ಕದಡಿ, ಮತ್ತೆ ಮತ್ತೆ ಸೋಸಿ, ತಿಳಿಯನ್ನು ಇಂಗಿಸಿದಾಗ ಉಳಿಯುವ ಪುಡಿ ಅದು.

ವೈದ್ಯರು ಈ ದಾರವನ್ನು ಭಗಂದರದ ಕೀವುನಾಳದೊಳಗೆ ಹಾಯಿಸಿ ಗಂಟು ಹಾಕುತ್ತಾರೆ. ವಾರಕ್ಕೊಮ್ಮೆ ಹಳೆಯ ದಾರದ ತುದಿಗೆ ಹೊಸದನ್ನು ಕಟ್ಟಿ ಎಳೆದು ಬದಲಿಸುತ್ತಾರೆ. ಕ್ಷಾರ ಕೊಳೆತ ಮಾಂಸವನ್ನು ಕರಗಿಸುತ್ತ ಸಾಗಿದಂತೆ, ಅದರ ಬೆನ್ನಿಗೇ ಹೊಸ ಮಾಂಸ ತುಂಬಿಕೊಳ್ಳುತ್ತದೆ. ಕೊಯ್ತ ನಿಧಾನವಾದ್ದರಿಂದ ಮಲ ತಡೆಯುವ ಸ್ನಾಯುವಿಗೆ ಪೆಟ್ಟಾಗುವ ಭಯ ಕಡಿಮೆ. ಉರಿ, ನೋವು ಇದ್ದೇ ಇರುತ್ತದೆ. ಆದರೂ ಬಹುಪಾಲು ರೋಗಿಗಳು ದಿನದ ಕೆಲಸ ಮಾಡಿಕೊಂಡೇ ಚಿಕಿತ್ಸೆ ಮುಗಿಸುತ್ತಾರೆ.

ಸುಶ್ರುತ ಸಂಹಿತೆ ಗಾಯದ ಆರೈಕೆಗೆ 60 ಉಪಕ್ರಮಗಳನ್ನು ಹೇಳುತ್ತದೆ, ಕ್ಷಾರವೂ ಅವುಗಳಲ್ಲೊಂದು. ಕಳ್ಳಿಹಾಲು, ಅರಿಶಿನ ಸವರಿದ ದಾರದ ವಿವರ 11ನೇ ಶತಮಾನದ ‘ಚಕ್ರದತ್ತ’ ಗ್ರಂಥದಲ್ಲಿದೆ. ಈ ವಿದ್ಯೆಗೆ ಮರುಜೀವ ಕೊಟ್ಟವರು ಬನಾರಸ್ ಹಿಂದೂ ವಿಶ್ವವಿದ್ಯಾಲಯದ ಪಿ.ಜೆ. ದೇಶಪಾಂಡೆ ಮತ್ತವರ ಸಹೋದ್ಯೋಗಿಗಳು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಪರೀಕ್ಷೆಯ ಫಲಿತಾಂಶ 1991ರಲ್ಲಿ ಹೊರಬಂತು: ಮಾಯಲು ಶಸ್ತ್ರಚಿಕಿತ್ಸೆಗೆ 4 ವಾರ ಸಾಕಾದರೆ ದಾರಕ್ಕೆ 8 ವಾರ ಬೇಕು, ಆದರೆ ರೋಗ ಮರುಕಳಿಸುವ ಪ್ರಮಾಣ ಶೇ 11ರ ಬದಲು ಶೇ 4.

ಉಡುಪಿ, ಹಾಸನದ ಆಯುರ್ವೇದ ಕಾಲೇಜುಗಳಲ್ಲಿ ಶಲ್ಯತಂತ್ರದ ಉನ್ನತ ವ್ಯಾಸಂಗವಿದೆ. ಈ ಚಿಕಿತ್ಸೆ ಬಯಸುವವರು ಇಂಥ ತರಬೇತಿ ಪಡೆದವರ ಬಳಿಗೇ ಹೋಗಬೇಕು. ಕಳ್ಳಿಹಾಲು ಕಣ್ಣನ್ನೇ ಕೆಡಿಸಬಲ್ಲದು, ಕ್ಷಾರ ಚರ್ಮ ಸುಡಬಲ್ಲದು. ಗಿಡಮೂಲಿಕೆಯೆಂದ ಮಾತ್ರಕ್ಕೆ ನಿರಪಾಯವೆಂಬ ನಂಬಿಕೆ ಬಿಡಬೇಕು. ಹಳೆಯದೆಂಬ ತಾತ್ಸಾರವನ್ನೂ ಬಿಡಬೇಕು. ಅಳತೆಗೆ, ಪರೀಕ್ಷೆಗೆ ಒಡ್ಡಿಕೊಂಡು ಗೆದ್ದ ಈ ದಾರ ನಮ್ಮ ಉಳಿದ ಮೂಲಿಕೆಗಳಿಗೂ ಅದೇ ದಾರಿ ತೋರಿಸುತ್ತಿದೆ.